ಘಟ್ಟ ಇಳಿಯುವ ಗಾಡಿ

ಸಕಲೇಶಪುರದಿಂದ ಕರಾವಳಿಯ ಕಡೆಗೆ ಇಳಿಯುವವರಿಗೆ ಎರಡು ಹಾದಿಗಳುಂಟು. ಒಂದು, ಕೆಂಪುಹೊಳೆಯ ಒತ್ತಿನಲ್ಲಿ ಗುಂಡ್ಯದತ್ತ ಸಾಗುವ ಶಿರಾಡಿ ಘಟ್ಟದ ಹೆದ್ದಾರಿ. ಇನ್ನೊಂದು, ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರು ಕಾಡಿನೊಳಗೆ ಹಾಯ್ದುಹೋಗುವ ರೈಲುಮಾರ್ಗ. ಎರಡೂ ಇಳಿಯುವುದು ಒಂದೇ ಪಶ್ಚಿಮಘಟ್ಟವನ್ನು. ನೆನೆಯುವುದು ಒಂದೇ ಮಳೆಯಲ್ಲಿ. ಆದರೂ ಕಾರು ನಡೆಸುತ್ತ ಇಳಿದವನು ಕಂಡ ಘಟ್ಟವೇ ಬೇರೆ, ರೈಲಿನ ಕಿಟಕಿಯಲ್ಲಿ ಕುಳಿತು ಇಳಿದವನು ಕಂಡ ಘಟ್ಟವೇ ಬೇರೆ.

ತಿರುವಿನಾಚೆಯಿಂದ ಲಾರಿ ಯಾವ ಕ್ಷಣದಲ್ಲಿ ಎದುರಾಗುವುದೋ, ಮಂಜು ಎಲ್ಲಿ ದಟ್ಟವಾಗುವುದೋ ಹೇಳಲಾಗದು. ಕಾರು ನಡೆಸುವವನ ಕಣ್ಣು ರಸ್ತೆಗೆ, ಕೈ ಸ್ಟೀರಿಂಗಿಗೆ, ಕಾಲು ಬ್ರೇಕಿಗೆ ಮೀಸಲು. ಹಿಂದೆ ಕುಳಿತ ಮಗು “ಅಪ್ಪಾ, ಅಲ್ಲಿ ನೋಡು, ನೀರು ಬೀಳುತ್ತಿದೆ!” ಎಂದು ಕೂಗಿದರೆ ಅವನು ‘ಹೂಂ’ ಎನ್ನಬಹುದೇ ಹೊರತು ತಿರುಗಿ ನೋಡುವಂತಿಲ್ಲ. ಮನೆಮಂದಿಗೆಲ್ಲ ಘಟ್ಟವನ್ನು ತೋರಿಸಲೆಂದು ಹೊರಟವನೊಬ್ಬನೇ ಅದನ್ನು ಕಾಣದೆ ಹಿಂದಿರುಗುತ್ತಾನೆ.

ರೈಲಿನಲ್ಲಿ ಹಾಗಲ್ಲ. ಅಲ್ಲಿ ಪ್ರಯಾಣಿಕನ ಕಣ್ಣಿಗೆ ಬೇರೆ ಕೆಲಸವಿಲ್ಲ. ಗಾಡಿ ಸುರಂಗವನ್ನು ಹೊಕ್ಕೊಡನೆ ಬೋಗಿಯೆಲ್ಲ ಕತ್ತಲಾಗುತ್ತದೆ, ಮಕ್ಕಳು ಹೋ ಎಂದು ಕೂಗುತ್ತಾರೆ; ಮರುಗಳಿಗೆ ಬೆಳಕು ನುಗ್ಗಿ, ಸೇತುವೆಯ ಕೆಳಗೆ ಆಳವಾದ ಕಣಿವೆ ತೆರೆದುಕೊಳ್ಳುತ್ತದೆ. ಅದನ್ನು ಕಣ್ತುಂಬಿಕೊಳ್ಳುವಷ್ಟರಲ್ಲಿ ಮತ್ತೊಂದು ಸುರಂಗ. ಈ ಮಾರ್ಗದಲ್ಲಿ ಇಂತಹ 57 ಸುರಂಗಗಳಿವೆ. ಅಪರಿಚಿತರಾಗಿದ್ದವರು ಮೂರನೆಯ ಸುರಂಗದ ಹೊತ್ತಿಗೆ ಮಾತಿಗೆ ತೊಡಗಿ, ಹತ್ತನೆಯದರ ಹೊತ್ತಿಗೆ ಬುತ್ತಿಯನ್ನು ಬಿಚ್ಚಿರುತ್ತಾರೆ. 2021ರ ಜುಲೈಯಲ್ಲಿ ಯಶವಂತಪುರ–ಮಂಗಳೂರು ಗಾಡಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯನ್ನು ಜೋಡಿಸಲಾಯಿತು. ಆದರೆ ಘಟ್ಟದ ಗಾಳಿಯೂ ತುಂತುರೂ ಮುಖಕ್ಕೆ ತಾಗಬೇಕಾದರೆ ಸಾಮಾನ್ಯ ಬೋಗಿಯ ತೆರೆದ ಕಿಟಕಿಯೇ ಮೇಲು.

ಇಷ್ಟೊಂದು ಸುರಂಗಗಳೇಕೆ? ಉತ್ತರವಿರುವುದು ಗಾಡಿಯ ಚಕ್ರದಲ್ಲಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ತಡೆ ಬಹಳ ಕಡಿಮೆ; ಅದರಿಂದಲೇ ಒಂದು ಇಂಜಿನ್ ಅಷ್ಟೊಂದು ಬೋಗಿಗಳನ್ನು ಎಳೆಯಬಲ್ಲದು. ಸಮತಟ್ಟಿನಲ್ಲಿ ವರವಾದ ಈ ಗುಣವೇ ಘಟ್ಟದಲ್ಲಿ ತೊಡಕು. ರಬ್ಬರಿನ ಟೈರು ರಸ್ತೆಯನ್ನು ಕಚ್ಚಿ ಹಿಡಿದಂತೆ ಉಕ್ಕಿನ ಚಕ್ರ ಹಳಿಯನ್ನು ಹಿಡಿಯಲಾರದು. ಹಳಿ ಮಳೆಯಲ್ಲಿ ನೆನೆದರಂತೂ ಇನ್ನಷ್ಟು ಜಾರುತ್ತದೆ. ಕಡಿದಾದ ಏರನ್ನು ಹತ್ತುವುದೂ ಕಿರಿದಾದ ತಿರುವಿನಲ್ಲಿ ಹೊರಳುವುದೂ ರೈಲಿಗೆ ಅಸಾಧ್ಯ. ಆದುದರಿಂದ ರಸ್ತೆ ಬೆಟ್ಟವನ್ನು ಸುತ್ತಿ ಹೋದರೆ ರೈಲು ಅದನ್ನು ಕೊರೆದು ಹೋಗಬೇಕಾಗುತ್ತದೆ. ಹೀಗೆ ಕೊರೆದೂ ಇಲ್ಲಿನ ಇಳಿಜಾರು ಐವತ್ತಕ್ಕೆ ಒಂದರಷ್ಟಿದೆ. ಎಂದರೆ ಐವತ್ತು ಮೀಟರು ಮುಂದೆ ಸಾಗಿದರೆ ಒಂದು ಮೀಟರು ಇಳಿದಂತೆ. ರೈಲಿನ ಮಟ್ಟಿಗೆ ಇದು ಬಹಳ ಕಡಿದು. ಮೇಲೇರುವ ಗಾಡಿಗೆ ಹಿಂದಿನಿಂದ ತಳ್ಳಲು ಹೆಚ್ಚಿನ ಇಂಜಿನ್‌ಗಳು ಬೇಕು. ಇಳಿಯುವ ಗಾಡಿ ಮಂದಗತಿಯಲ್ಲೇ ಸಾಗಬೇಕು. ಹಿಡಿತ ತಪ್ಪಿದ ಗಾಡಿಯನ್ನು ಮುಖ್ಯ ಹಳಿಯಿಂದ ಸರಿಸಿ ತಡೆದು ನಿಲ್ಲಿಸಲೆಂದೇ ಕೆಲವೆಡೆ ಪ್ರತ್ಯೇಕ ಹಳಿಗಳಿವೆ. ಪ್ರಯಾಣಿಕನು ಮೆಚ್ಚುವ ಆ ನಿಧಾನಗತಿ ಅಲಂಕಾರಕ್ಕಾಗಿ ಬಂದುದಲ್ಲ.

ಮೀಟರ್ ಗೇಜಿನ ಈ ಮಾರ್ಗ ಪೂರ್ಣಗೊಂಡುದು 1979ರಲ್ಲಿ. 1990ರ ದಶಕದಲ್ಲಿ ಬ್ರಾಡ್ ಗೇಜಿಗೆ ಪರಿವರ್ತಿಸಲೆಂದು ಸಂಚಾರವನ್ನು ನಿಲ್ಲಿಸಲಾಯಿತು. ಪ್ರಯಾಣಿಕರ ಗಾಡಿ ಮತ್ತೆ ಓಡಿದುದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಘಟ್ಟದ ಜನ ರಸ್ತೆಯನ್ನೇ ನಂಬಿದ್ದರು.

ಕಾರಿನ ಅನುಕೂಲಗಳನ್ನು ಅಲ್ಲಗಳೆಯುವಂತಿಲ್ಲ. ಅದು ಮನೆಯ ಬಾಗಿಲಿಗೇ ಬರುತ್ತದೆ. ನಡೆಯಲಾರದ ಮುದುಕರಿಗೂ ರಾತ್ರಿಯಲ್ಲಿ ಆಸ್ಪತ್ರೆಗೆ ಧಾವಿಸುವವರಿಗೂ ಅದೇ ಗತಿ. ರೈಲು ಯಾರಿಗಾಗಿಯೂ ಕಾಯದು. ಘಟ್ಟದ ನಡುವೆ ಜಲಪಾತ ಚೆನ್ನಾಗಿದೆಯೆಂದು ನಿಲ್ಲದು.

ಘಟ್ಟದಲ್ಲಿ ಎಚ್ಚರ ತಪ್ಪುವಂತಿಲ್ಲ ಎಂಬ ಮಾತು ಎರಡು ಹಾದಿಗಳಿಗೂ ಸಮ. ಕಾರಿನಲ್ಲಿ ಆ ಎಚ್ಚರದ ಭಾರವೆಲ್ಲ ಒಬ್ಬನ ಹೆಗಲ ಮೇಲೆ. ರೈಲಿನಲ್ಲಿ ಅದನ್ನು ಹಲವರು ಹಂಚಿಕೊಂಡಿರುತ್ತಾರೆ: ಇಂಜಿನ್ ಚಾಲಕರು, ಕಾಡಿನ ನಡುವಣ ನಿಲ್ದಾಣಗಳ ಸ್ಟೇಷನ್ ಮಾಸ್ತರರು, ಮಳೆಗಾಲದಲ್ಲಿ ಹಳಿಯುದ್ದಕ್ಕೂ ನಡೆದು ಕಾಯುವ ಗ್ಯಾಂಗ್‌ಮನ್‌ಗಳು. ಕಿಟಕಿಯ ಬಳಿ ಕುಳಿತವನ ನಿಶ್ಚಿಂತೆ ಇವರೆಲ್ಲರ ದುಡಿಮೆ. ಆ ಎಚ್ಚರವೂ ಬೆಟ್ಟವನ್ನು ಹಿಡಿದು ನಿಲ್ಲಿಸಲಾರದು. 2024ರ ಜುಲೈಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಭೂಮಿ ಕುಸಿದು ಗಾಡಿಗಳು ಹಲವು ದಿನ ನಿಂತವು. ಅದೇ ತಿಂಗಳು ಶಿರಾಡಿಯ ರಸ್ತೆಯ ಮೇಲೂ ಗುಡ್ಡ ಜರಿದು ಬಿದ್ದಿತು.

ಮಳೆಗಾಲದ ರಾತ್ರಿ ಈ ಘಟ್ಟವನ್ನು ಇಳಿಯುವ ಗಾಡಿಯಲ್ಲಿ ಬಹುಪಾಲು ಜನ ಮಲಗಿರುತ್ತಾರೆ. ಸುರಂಗವೆಷ್ಟು, ಸೇತುವೆಯೆಷ್ಟು ಎಂಬುದರ ಅರಿವು ಅವರಿಗಿಲ್ಲ. ಹೊರಗೆ, ಕಂಬಳಿಯನ್ನೋ ರೇನ್‌ಕೋಟನ್ನೋ ಹೊದ್ದ ಗ್ಯಾಂಗ್‌ಮನ್ ಹಳಿಯಿಂದ ಪಕ್ಕಕ್ಕೆ ಸರಿದು, ದೀಪವನ್ನು ಹಿಡಿದು, ಕೊನೆಯ ಬೋಗಿ ದಾಟುವವರೆಗೆ ನಿಂತಿರುತ್ತಾನೆ.