ಕುರಿಯ ಹುಳದ ಔಷಧಿ ಕ್ಯಾನ್ಸರ್‌ಗೆ ನಾಟುವುದೇ?

ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲು ಕಡೆಯಾಗಲಿ, ಅತ್ತ ಕಂಪ್ಲಿ ಸೀಮೆಯಾಗಲಿ, ಕುರಿ ಸಾಕುವವರಿಗೆ ‘ಹುಳದ ಔಷಧಿ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಅದರ ಜೊತೆ ಹುಳದ ಮರಿಗಳೂ ಕುರಿಯ ಹೊಟ್ಟೆ ಸೇರುತ್ತವೆ. ರಕ್ತ ಹೀರುವ ಹೀಮಾಂಕಸ್ ಹುಳ ಹೆಚ್ಚಾದರೆ ಗದ್ದದ ಕೆಳಗೆ ನೀರು ತುಂಬಿ, ಬಳ್ಳಾರಿ ತಳಿಯ ಗಟ್ಟಿ ಕುರಿಯೂ ಸೊರಗುತ್ತದೆ. ಅದಕ್ಕೆ ಕುಡಿಸುವ ಔಷಧಗಳಲ್ಲಿ ಫೆನ್‌ಬೆಂಡಜೋಲ್ ಒಂದು.

ಇದು ಕ್ಯಾನ್ಸರನ್ನೂ ವಾಸಿ ಮಾಡುತ್ತದೆ ಎಂಬ ಮಾತು 2019ರಲ್ಲಿ ಜಗತ್ತು ಸುತ್ತಿತು. ಅಮೆರಿಕದ ಓಕ್ಲಹೋಮಾದ ಜೋ ಟಿಪ್ಪೆನ್ಸ್ ಎಂಬ ಶ್ವಾಸಕೋಶ ಕ್ಯಾನ್ಸರ್ ರೋಗಿ, ನಾಯಿಗೆ ಕೊಡುವ ಈ ಔಷಧ ತಿಂದು ಗುಣವಾದೆ ಎಂದರು. ದಕ್ಷಿಣ ಕೊರಿಯಾದಲ್ಲಿ ಜನ ಔಷಧಿ ಅಂಗಡಿಗಳಿಗೆ ಮುಗಿಬಿದ್ದರು. ಸರ್ಕಾರ ಎಚ್ಚರಿಕೆ ನೀಡಬೇಕಾಯಿತು. ಟಿಪ್ಪೆನ್ಸ್ ಆಗ ಹೊಸ ಇಮ್ಯುನೋಥೆರಪಿ ಔಷಧದ ಪ್ರಯೋಗದಲ್ಲೂ ಇದ್ದರು. ಆ ಸಂಗತಿ ಮಾತ್ರ ಅಷ್ಟು ದೂರ ಹೋಗಲಿಲ್ಲ.

ಆದರೂ ಇದನ್ನು ಬರೀ ಗಾಳಿಸುದ್ದಿ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇಲಿಗಳಿಗೆ ಹುಳದ ಬಾಧೆ ತಗುಲಿದ್ದರಿಂದ ಫೆನ್‌ಬೆಂಡಜೋಲ್ ಕೊಟ್ಟಿದ್ದರು. ಆಮೇಲೆ ಅವುಗಳ ಮಿದುಳಿಗೆ ಕ್ಯಾನ್ಸರ್ ಕೋಶ ಸೇರಿಸಿದರೆ ಗಡ್ಡೆ ಸರಿಯಾಗಿ ಬೆಳೆಯಲೇ ಇಲ್ಲ! ಗ್ರೆಗರಿ ರಿಗಿನ್ಸ್ ತಂಡ ಈ ಜಾಡು ಹಿಡಿದು, ಮನುಷ್ಯರಿಗೆ ಕೊಡುವ ಸೋದರ ಔಷಧ ಮೆಬೆಂಡಜೋಲನ್ನು ಪರೀಕ್ಷಿಸಿತು. ಇಲಿಗಳ ಆಯುಸ್ಸು ಹೆಚ್ಚಿತೆಂದು 2011ರಲ್ಲಿ ವರದಿ ಮಾಡಿತು.

ಕಾರಣ ಜೀವಕೋಶದೊಳಗಿದೆ. ಟ್ಯುಬುಲಿನ್ ಎಂಬ ಪ್ರೋಟೀನಿನಿಂದ ಕಟ್ಟಿದ ಸೂಕ್ಷ್ಮನಾಳಗಳು, ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದು ಹಂಚುತ್ತವೆ. ಫೆನ್‌ಬೆಂಡಜೋಲ್ ಹುಳದ ಟ್ಯುಬುಲಿನ್‌ಗೆ ಅಂಟಿಕೊಂಡು ನಾಳ ಕಟ್ಟಲು ಬಿಡುವುದಿಲ್ಲ. ಸಸ್ತನಿಗಳ ಟ್ಯುಬುಲಿನ್ ಮೇಲೆ ಅದರ ಹಿಡಿತ ಸಡಿಲ. ಆದರೆ ಪೂರ್ತಿ ಇಲ್ಲವೆಂದಲ್ಲ. ಬಿಡುವಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶಕ್ಕೆ ಆ ಪೆಟ್ಟು ತಾಗೀತು. ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಹೊಡೆಯುವುದೂ ಟ್ಯುಬುಲಿನ್‌ಗೇ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಫೆನ್‌ಬೆಂಡಜೋಲ್ ಮಾನವ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದನ್ನು ತೋರಿಸಿದರು. ಆದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 2013ರ ಪ್ರಯೋಗದಲ್ಲಿ ಇಲಿಗಳ ಗಡ್ಡೆ ಇದಕ್ಕೆ ಜಗ್ಗಿರಲಿಲ್ಲ.

ತೊಡಕು ಇರುವುದು ಔಷಧದ ಗುಣದಲ್ಲೇ. ಫೆನ್‌ಬೆಂಡಜೋಲ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಹುಳ ಜಠರದಲ್ಲೋ ಕರುಳಲ್ಲೋ ಇರುವುದರಿಂದ ಔಷಧವೂ ಅಲ್ಲೇ ಉಳಿದರೆ ಒಳ್ಳೆಯದು. ರಕ್ತಕ್ಕೆ ಹೆಚ್ಚು ಸೇರದ ಕಾರಣ ಕುರಿಗೂ ಅಪಾಯ ಕಡಿಮೆ. ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ಕೂತ ಗಡ್ಡೆಯನ್ನು ಮುಟ್ಟಲು ಅದೇ ಅಡ್ಡಿ. ಹಾಗೆಂದು ಮನಸ್ಸಿಗೆ ಬಂದಷ್ಟು ತಿನ್ನುವಂತಿಲ್ಲ. ಜಪಾನಿನಲ್ಲಿ ಶ್ವಾಸಕೋಶ ಕ್ಯಾನ್ಸರಿನ ವೃದ್ಧೆಯೊಬ್ಬರು ಸಾಮಾಜಿಕ ಜಾಲತಾಣದ ಮಾತು ನಂಬಿ ಇದನ್ನು ಸೇವಿಸಿದ್ದರು. ಗಡ್ಡೆ ಕುಗ್ಗಲಿಲ್ಲ, ಯಕೃತ್ತಿಗೆ ಪೆಟ್ಟಾಯಿತು. ನಿಲ್ಲಿಸಿದ ಮೇಲೆ ಚೇತರಿಸಿಕೊಂಡರೆಂದು ವೈದ್ಯರು 2021ರಲ್ಲಿ ದಾಖಲಿಸಿದರು.

ಮನುಷ್ಯರ ಮೇಲೆ ಕ್ರಮವಾಗಿ ಪರೀಕ್ಷೆಯಾದದ್ದು ಸೋದರ ಔಷಧ ಮೆಬೆಂಡಜೋಲ್, ನಮ್ಮ ದೇಶದಲ್ಲೂ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು, ಮಿದುಳಿನ ಕ್ಯಾನ್ಸರ್ ಮರುಕಳಿಸಿದ 88 ರೋಗಿಗಳನ್ನು ಎರಡು ಗುಂಪು ಮಾಡಿ, ಕೀಮೋಥೆರಪಿಯ ಜೊತೆ ಅದನ್ನು ಕೊಟ್ಟು ನೋಡಿದರು. ಒಂಬತ್ತು ತಿಂಗಳ ನಂತರ ಶೇ 55ರಷ್ಟು ಮಂದಿಯಾದರೂ ಬದುಕಿರಬೇಕೆಂಬ ಗುರಿ ಇಟ್ಟುಕೊಂಡಿದ್ದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡು ಗುಂಪುಗಳಲ್ಲಿ ಒಂದೂ ಆ ಗುರಿ ಮುಟ್ಟಿರಲಿಲ್ಲ.