ಬಡಗಣಿಂದ ಬಂದ ನುಡಿ: ನೀಲಗಿರಿ ಜಿಲ್ಲೆಯ ಚರಿತ್ರೆ

ತಮಿಳುನಾಡಿನ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಎತ್ತರ 2,637 ಮೀಟರ್. ಅದರ ಸುತ್ತಲಿನ ಬಡಗರು ತಮ್ಮ ಊರನ್ನು ಹಟ್ಟಿಯೆನ್ನುತ್ತಾರೆ. ಕುಲದೇವತೆ ಹೆತ್ತೆಗೆ ವರ್ಷಕ್ಕೊಮ್ಮೆ ಹಬ್ಬ ಮಾಡುತ್ತಾರೆ. ಅರ್ಥಕೋಶದ ಹಂಗಿಲ್ಲದೆ ಕನ್ನಡ ವಿದ್ಯಾರ್ಥಿಗೆ ತಿಳಿಯುವ ಈ ಹೆಸರುಗಳು ಜಿಲ್ಲೆಯ ಚರಿತ್ರೆಯನ್ನು ಪ್ರವಾಸ ಕೈಪಿಡಿಗಳಿಗಿಂತ ಚೆನ್ನಾಗಿ ಹೇಳುತ್ತವೆ.

ಕೈಪಿಡಿಗಳ ಪ್ರಕಾರ ಈ ಮಲೆಯ ಚರಿತ್ರೆ ಆರಂಭವಾಗುವುದು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಮೇಲೇರಿದಾಗ. ಆದರೆ ಅದಕ್ಕೆ ಏಳು ಶತಮಾನಗಳ ಹಿಂದೆಯೇ, 1117ರ ಚಾಮರಾಜನಗರದ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಸಾರುತ್ತದೆ. 1603ರಲ್ಲಿ ಮಲೆಯೇರಿದ ಜೆಸೂಟ್ ಪಾದ್ರಿ ಫೆನಿಶಿಯೊ ತೊದವರನ್ನೂ ಬಡಗರನ್ನೂ ಕಂಡಿದ್ದನು. ಸಲಿವನ್ 'ಕಂಡುಹಿಡಿದದ್ದು' ಜನ ತುಂಬಿದ ನಾಡನ್ನೇ.

ಆ ಜನರ ಬಾಳುವೆ ಪರಸ್ಪರಾವಲಂಬಿಯಾಗಿತ್ತು. ತೊದವರು ಎಮ್ಮೆ ಸಾಕಿ ತುಪ್ಪ ಕೊಡುತ್ತಿದ್ದರು; ಕೋತರು ಕಬ್ಬಿಣದ ಉಪಕರಣ, ಮಡಕೆಗಳನ್ನು ಒದಗಿಸಿ ಸಮಾರಂಭಗಳಿಗೆ ವಾದ್ಯ ನುಡಿಸುತ್ತಿದ್ದರು; ಕುರುಂಬರು ಕಾಡಿನ ಉತ್ಪನ್ನಗಳನ್ನು ತರುತ್ತಿದ್ದರು; ಬಡಗರು ಧಾನ್ಯ ನೀಡುತ್ತಿದ್ದರು. ಕುರುಂಬರ ಮಂತ್ರವಿದ್ಯೆಗೆ ಉಳಿದವರೆಲ್ಲ ಅಂಜುತ್ತಿದ್ದರೆಂಬುದನ್ನೂ ಮರೆಯಲಾಗದು. ಈ ಕೊಡುಕೊಳೆ ಸದಾ ಸೌಹಾರ್ದದ್ದಾಗಿರಲಿಲ್ಲ.

'ಬಡಗ' ಎಂದರೆ ಬಡಗಣವನು, ಉತ್ತರದಿಂದ ಬಂದವನು. ಮೈಸೂರು ಸೀಮೆಯಿಂದ, ವಿಜಯನಗರದ ಪತನದ ನಂತರದ ಕಲಹಕಾಲದಲ್ಲಿ, ಹಿರಿಯರು ವಲಸೆ ಬಂದರೆಂಬುದು ಪ್ರಚಲಿತ ಐತಿಹ್ಯ. ಕಾಲವನ್ನು ಐತಿಹ್ಯವೊಂದರಿಂದಲೇ ನಿರ್ಣಯಿಸಲಾಗದು. ಆದರೆ ಭಾಷೆ ಒಂದು ಸುಳಿವು ಕೊಡುತ್ತದೆ. ಹಳಗನ್ನಡದ ಪದಾದಿ ಪಕಾರವು ಹಕಾರವಾದದ್ದು ಸುಮಾರು ಹತ್ತನೆಯ ಶತಮಾನದಿಂದೀಚೆಗೆ. ಪಟ್ಟಿ ಹಟ್ಟಿಯಾದದ್ದು, ಪರ್ವ ಹಬ್ಬವಾದದ್ದು ಆಗಲೇ. ಬಡಗದಲ್ಲಿಯೂ ಅದೇ ಹಕಾರವಿದೆ. ಅಂದರೆ ಈ ಮಾರ್ಪಾಟು ನಡೆದ ಮೇಲೆಯೇ ಬಡಗರ ನುಡಿ ಕನ್ನಡದಿಂದ ಅಗಲಿರಬೇಕು. ಅಗಲಿದ ನಂತರವೂ ಅದು ನಿಂತ ನೀರಾಗಲಿಲ್ಲ. ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಮೂರ್ಧನ್ಯ ಸ್ವರಗಳು ಅದರಲ್ಲಿವೆಯೆಂದು 1939ರಲ್ಲಿ ಎಮೆನೋ ವಿವರಿಸಿದರು. ಕನ್ನಡದಲ್ಲಿ ಅವಿಲ್ಲ. ಇಂಥ ನುಡಿಯನ್ನು ಕನ್ನಡದ ಅಪಭ್ರಂಶವೆಂದು ತಳ್ಳಿಹಾಕುವುದು ಅವಸರದ ಮಾತು.

ಬ್ರಿಟಿಷರ ಆಡಳಿತದಲ್ಲಿ ಬೇಸಾಯವೂ ಬದಲಾಯಿತು. ರಾಗಿ, ಸಾಮೆಗಳ ಜಾಗಕ್ಕೆ ಆಲೂಗಡ್ಡೆ, ಅನಂತರ ಚಹಾ ಬಂದವು. 1868ರಲ್ಲಿ ನೀಲಗಿರಿ ಕೊಯಮತ್ತೂರಿನಿಂದ ಬೇರ್ಪಟ್ಟಿತು. 1908ರಲ್ಲಿ ರೈಲು ಊಟಿಯನ್ನು ಮುಟ್ಟಿತು. ಇಂದು ಸಣ್ಣ ಹಿಡುವಳಿಯ ಬಡಗ ರೈತನ ಮನೆಯ ಲೆಕ್ಕಾಚಾರವೆಲ್ಲ ಕಾರ್ಖಾನೆಯು ಹಸಿ ಎಲೆಗೆ ಕೊಡುವ ದರವನ್ನೇ ನೆಚ್ಚಿದೆ. ದರ ಕುಸಿದ ವರ್ಷ ಮಕ್ಕಳು ಕೊಯಮತ್ತೂರಿಗೋ ಬೆಂಗಳೂರಿಗೋ ಕೆಲಸ ಹುಡುಕಿ ಇಳಿಯುತ್ತಾರೆ. ಮನೆಮಾತು ಹಟ್ಟಿಯ ಹಿರಿಯರ ಬಳಿ ಉಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಬಡಗ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿದರು. ಲೂಕನ ಸುವಾರ್ತೆಯ ಬಡಗ ಅನುವಾದ 1890ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದೂ ಕನ್ನಡ ಲಿಪಿಯಲ್ಲಿಯೇ. ಈಗ ಶಾಲೆಯ ಭಾಷೆ ತಮಿಳು, ಇಲ್ಲವೆ ಇಂಗ್ಲಿಷ್. ಬಡಗದ ಹಾಡುಗಳನ್ನು ಬರೆದಿಡುವವರು ಹೆಚ್ಚಾಗಿ ತಮಿಳು ಲಿಪಿಯನ್ನು ಬಳಸುತ್ತಾರೆ. 2011ರ ಜನಗಣತಿಯು ಬಡಗವನ್ನು ಮಾತೃಭಾಷೆಯೆಂದು ಹೇಳಿಕೊಂಡ ಸುಮಾರು 1.33 ಲಕ್ಷ ಜನರನ್ನು ಕನ್ನಡದ ಶೀರ್ಷಿಕೆಯಡಿ ಎಣಿಸಿತು. ಅವರಲ್ಲಿ ಅನೇಕರು ತಮ್ಮದು ಸ್ವತಂತ್ರ ಭಾಷೆಯೆಂದೇ ಹೇಳುತ್ತಾರೆ.