ಒಬ್ಬ ಮನ್ಸಬ್‌ದಾರನ ವರ್ಗಾವಣೆ ಪುರಾಣ

ಮನ್ಸಬ್‌ದಾರನ, ಅಂದರೆ ಮನ್ಸಬ್ ಎಂಬ ದರ್ಜೆ ಪಡೆದ ಮೊಗಲ್ ಅಧಿಕಾರಿಯ, ಯೋಗ್ಯತೆ ಎರಡು ಅಂಕಿಗಳಲ್ಲಿತ್ತು: ಜಾತ್ ಮತ್ತು ಸವಾರ್. ಜಾತ್ ದರ್ಬಾರಿನಲ್ಲಿ ಅವನ ಸ್ಥಾನವನ್ನೂ ಸ್ವಂತ ಸಂಬಳವನ್ನೂ ಹೇಳುತ್ತಿತ್ತು. ಸವಾರ್ ಎಂದರೆ ಅವನು ಸಾಕಬೇಕಾದ ಕುದುರೆ ಸವಾರರ ಲೆಕ್ಕ. ಕುದುರೆಗೆ ಮುದ್ರೆ ಒತ್ತಿಸಬೇಕು, ಸವಾರನ ಚಹರೆ ಬರೆಸಬೇಕು. ಸುಳ್ಳು ಹಾಜರಿ ಆಗಲೂ ಇತ್ತೆನ್ನಿ, ಇಲ್ಲದಿದ್ದರೆ ಮುದ್ರೆ ಯಾಕೆ ಬೇಕಿತ್ತು?

ಸಂಬಳ ಬಹುಪಾಲು ಜಾಗೀರಿನ ರೂಪದಲ್ಲಿ ಬರುತ್ತಿತ್ತು. ಗೊತ್ತುಮಾಡಿದ ಹಳ್ಳಿಗಳ ಕಂದಾಯ ಅವನದು, ನೆಲ ಅವನದಲ್ಲ. ಮೂರ್ನಾಲ್ಕು ವರ್ಷಕ್ಕೆ ಜಾಗೀರು ಬೇರೆಡೆಗೆ. ಪ್ರಾಂತ್ಯವಾಳುವ ಸುಬೇದಾರನಿಗೆ ಸೈನ್ಯ ಕೊಟ್ಟರೆ ಖಜಾನೆ ದಿವಾನನ ಕೈಗೆ. ದಿವಾನ ಲೆಕ್ಕ ಒಪ್ಪಿಸುವುದು ಸುಬೇದಾರನಿಗಲ್ಲ, ನೇರ ಬಾದಶಹನ ಕಚೇರಿಗೆ. ಯಾರೂ ಎಲ್ಲೂ ಬೇರು ಬಿಡಬಾರದು ಎಂಬುದೇ ಇಡೀ ಏರ್ಪಾಡಿನ ಜಾಣ್ಮೆ.

ಔರಂಗಜೇಬ 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ ಗೆದ್ದ. ಅಲ್ಲಿನ ಸರದಾರರಿಗೂ ಮರಾಠಾ ನಾಯಕರಿಗೂ ಮನ್ಸಬ್ ಹಂಚಿದ. ಬೇಡುವವರು ಹೆಚ್ಚಿದರು, ಕೊಡುವ ಜಾಗೀರು ಸಾಲಲಿಲ್ಲ. ಯುದ್ಧದಲ್ಲಿ ಬೆಂದ ದಖ್ಖನಿನಲ್ಲಿ ಕಾಗದದ ಕಂದಾಯಕ್ಕೂ ಕೈಗೆ ಬರುವ ಹಣಕ್ಕೂ ತಾಳೆಯೇ ಇರಲಿಲ್ಲ. ಇರುವ ಜಾಗೀರು ಬಿಟ್ಟು ಹೊರಟವನಿಗೆ ಮುಂದಿನದು ಸಿಗುವ ಭರವಸೆ ಹೋಯಿತು.

ನಮ್ಮ ಪುರಾಣದ ಮನ್ಸಬ್‌ದಾರ ಮೀರ್ ಕಮರುದ್ದೀನ್ ಬೆಳೆದದ್ದು ಈ ಕಾಲದಲ್ಲಿ. ಬಿರುದು ಚಿನ್ ಕಿಲಿಚ್ ಖಾನ್. 1707ರಲ್ಲಿ ಔರಂಗಜೇಬ ತೀರಿಕೊಂಡಾಗ ಬಿಜಾಪುರದ ಸುಬೇದಾರ. ಮುಂದೆ ಸಿಂಹಾಸನ ಬದಲಾದಂತೆಲ್ಲ ಅವನ ಊರೂ ಬದಲಾಯಿತು. 1713ರಲ್ಲಿ ನಿಜಾಮ್-ಉಲ್-ಮುಲ್ಕ್ ಎಂಬ ಬಿರುದಿನೊಂದಿಗೆ ದಖ್ಖನಿನ ಸುಬೇದಾರಿಕೆ, ಎರಡೇ ವರ್ಷಕ್ಕೆ ಅದು ಕೈತಪ್ಪಿ ಮುರಾದಾಬಾದ್, 1719ರಲ್ಲಿ ಮಾಳವ. ಅಲ್ಲಿಂದ ಎಬ್ಬಿಸಲು ನೋಡಿದಾಗ ಅವನು ದೆಹಲಿಯತ್ತ ತಿರುಗಲಿಲ್ಲ. 1720ರಲ್ಲಿ ನರ್ಮದೆ ದಾಟಿ, ಆಗ ದರ್ಬಾರನ್ನು ಆಡಿಸುತ್ತಿದ್ದ ಸಯ್ಯದ್ ಸೋದರರ ಸೈನ್ಯಗಳನ್ನು ಸೋಲಿಸಿ, ದಖ್ಖನ್ ಹಿಡಿದ.

1722ರಲ್ಲಿ ವಜೀರನಾದ. ಅದಕ್ಕಿಂತ ದೊಡ್ಡ ಹುದ್ದೆ ಇರಲಿಲ್ಲ. ಆಡಳಿತ ಸರಿಪಡಿಸಹೋದರೆ ದರ್ಬಾರಿಗೆ ಸಹಿಸಲಾಗಲಿಲ್ಲ. ಅವನು ದಖ್ಖನಿಗೆ ಮರಳಿದಾಗ ಆ ಜಾಗಕ್ಕೆ ಆಗಲೇ ಮುಬಾರಿಜ್ ಖಾನನ ನೇಮಕವಾಗಿತ್ತು. 1724ರ ಅಕ್ಟೋಬರಿನಲ್ಲಿ ಶಕರ್‌ಖೇಡಾದ ಯುದ್ಧದಲ್ಲಿ ಮುಬಾರಿಜ್ ಸತ್ತ. ಬಾದಶಹ ಮುಹಮ್ಮದ್ ಶಾ ಮರುವರ್ಷ ಗೆದ್ದವನಿಗೆ ಆಸಫ್ ಜಾ ಎಂಬ ಬಿರುದು ಕಳಿಸಿದ. ಬೇರೆ ದಾರಿಯಾದರೂ ಏನಿತ್ತು!

ನಿಜಾಮ ಸ್ವಾತಂತ್ರ್ಯ ಘೋಷಿಸಲಿಲ್ಲ. ನಾಣ್ಯ ಬಾದಶಹನ ಹೆಸರಿನಲ್ಲೇ ಅಚ್ಚಾಗುತ್ತಿತ್ತು. ಸೈನ್ಯ, ಖಜಾನೆ, ಜಾಗೀರು ಹಂಚುವ ಅಧಿಕಾರ ಮಾತ್ರ ಒಂದೇ ಕೈಗೆ ಬಂದಿದ್ದವು, ವರ್ಗಾವಣೆಯ ಆದೇಶ ಕಳಿಸುವವರು ಇರಲಿಲ್ಲ. ಬೀದರ್, ಕಲಬುರಗಿ, ರಾಯಚೂರು ಈ ಸುಬೇದಾರನ ವಂಶದ ಕೈಯಲ್ಲಿ 1948ರವರೆಗೂ ಉಳಿದವು.